ಆಶ್ರಯ ಓಣಿಗೆ ಎಂಥ ಭವನ ಬೇಕು?



ಸಮುದಾಯ ಭವನ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಊರಿನ ತುದಿಯಲ್ಲಿ ಶೆಟರ್ ಬಾಗಿಲಿನ ಒಂದು ಉದ್ದನೆಯ ಹಾಲು. ಮುಂದುಗಡೆ ಕಲ್ಲಿನ ಮೇಲೆ ಉದ್ಘಾಟನೆ ಮಾಡಿದವರ ಹೆಸರು. ಒಳಗೊಂದು ವೇದಿಕೆ, ಮೂಲೆಯಲ್ಲಿ ಮುರಿದ ಕುರ್ಚಿಗಳ ರಾಶಿ, ಹಿಂದೆ ನೀರಿಲ್ಲದ ಒಂದು ಕಕ್ಕಸು. ವರ್ಷಕ್ಕೆ ಹತ್ತು ಹದಿನೈದು ಮದುವೆ ಆಗುತ್ತವೆ, ಚುನಾವಣೆ ಬಂದರೆ ಒಂದೆರಡು ಸಭೆ ಆಗುತ್ತವೆ. ಮಿಕ್ಕ ದಿನಗಳಲ್ಲಿ ಬೀಗ. ಬೀಗ ಹಾಕಿದ ಭವನದ ಕಟ್ಟೆಯ ಮೇಲೆ ಗಂಡಸರು ಇಸ್ಪೀಟು ಆಡುತ್ತಾರೆ, ಕತ್ತಲಾದ ಮೇಲೆ ಕುಡಿಯುತ್ತಾರೆ. ಆ ಓಣಿಯ ಹೆಣ್ಣುಮಕ್ಕಳು ಆ ಕಡೆ ಹಾಯುವುದನ್ನೇ ಬಿಡುತ್ತಾರೆ. ಸರ್ಕಾರದ ದುಡ್ಡಿನಲ್ಲಿ, ಸಮುದಾಯದ ಹೆಸರಿನಲ್ಲಿ ಕಟ್ಟಿದ ಕಟ್ಟಡ ಸಮುದಾಯದ ಅರ್ಧದಷ್ಟು ಜನಕ್ಕೆ ನಿಷಿದ್ಧವಾಗುವುದು ಹೀಗೆ.

ಸೊರಬ ತಾಲೂಕಿನ ಜಡೆ ಹೋಬಳಿಯ ಒಂದು ಆಶ್ರಯ ಓಣಿಯ ಸಂಘದವರು ತಮ್ಮ ಓಣಿಗೂ ಒಂದು ಭವನ ಬೇಕೆಂದು ಪಂಚಾಯಿತಿಗೆ ಅರ್ಜಿ ಬರೆಯಲು ಕೂತಿದ್ದಾರೆ. ಅರ್ಜಿಯಲ್ಲಿ ಏನೇನು ಕೇಳಬೇಕು, ಎಂಥ ಕಟ್ಟಡ ಕೇಳಬೇಕು ಎಂದು ನಮ್ಮನ್ನು ವಿಚಾರಿಸಿದರು. ವರದಕ್ಷಿಣೆ, ಹೊಡೆತ ಬಡಿತದ ವಿಷಯ ಬರೆಯುವ ಪತ್ರಿಕೆಗೂ ಕಟ್ಟಡದ ನಕ್ಷೆಗೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಸಂಬಂಧ ಇದೆ. ಹೊಡೆತ ತಿಂದ ಹೆಂಗಸು ರಾತ್ರಿ ಹತ್ತು ಗಂಟೆಗೆ ಮಗುವನ್ನು ಎತ್ತಿಕೊಂಡು ಮನೆಯಿಂದ ಹೊರಗೆ ಬಂದಾಗ ಅವಳ ಕಾಲು ಯಾವ ಕಡೆ ತಿರುಗಬೇಕು? ತವರು ದೂರ. ನೆರೆಮನೆಯವರು ಬಾಗಿಲು ತೆರೆಯಲು ಹೆದರುತ್ತಾರೆ. ಠಾಣೆಗೆ ಒಬ್ಬಳೇ ಹೋಗಲು ಧೈರ್ಯವಿಲ್ಲ. ಈ ಪ್ರಶ್ನೆಗೆ ಉತ್ತರವಾಗಬಲ್ಲ ಒಂದು ಜಾಗವನ್ನು ಓಣಿಯಲ್ಲಿ ಕಟ್ಟಲು ಸಾಧ್ಯವಾದರೆ ಅದು ನಮ್ಮ ಹೋರಾಟದ ವಿಷಯವೇ.

ಆಶ್ರಯ ಎಂಬ ಹೆಸರಿಗೂ ಸೊರಬಕ್ಕೂ ನಂಟಿದೆ. 1990ರಿಂದ 1992ರವರೆಗೆ ಮುಖ್ಯಮಂತ್ರಿಯಾಗಿದ್ದ ಎಸ್. ಬಂಗಾರಪ್ಪನವರು ಇದೇ ತಾಲೂಕಿನ ಕುಬಟೂರಿನವರು. ಆಶ್ರಯ, ಆರಾಧನಾ, ವಿಶ್ವ ಎಂಬ ಮೂರು ಯೋಜನೆಗಳು ಅವರ ಕಾಲದವು. ಅದಕ್ಕೂ ಮುಂಚೆ ದೇವರಾಜ ಅರಸರ ಕಾಲದ ಜನತಾ ಮನೆಗಳಿದ್ದವು, 1985ರಿಂದ ಕೇಂದ್ರದ ಇಂದಿರಾ ಆವಾಸ್ ಮನೆಗಳು ಬಂದವು. ಆಮೇಲೆ ಬಸವ ವಸತಿ, ಅಂಬೇಡ್ಕರ್ ನಿವಾಸ, 2016ರಿಂದ ಪ್ರಧಾನಮಂತ್ರಿ ಆವಾಸ್. ಫಲಕದ ಮೇಲಿನ ಹೆಸರು ಬದಲಾಗುತ್ತಾ ಹೋಯಿತು, ಜನರ ಬಾಯಲ್ಲಿ ಮಾತ್ರ ಅದು ಇಂದಿಗೂ ಆಶ್ರಯ ಮನೆ, ಆಶ್ರಯ ಓಣಿ.

ಈ ಮನೆಗಳ ವಿಷಯದಲ್ಲಿ ಒಂದು ಒಳ್ಳೆಯ ಮಾತನ್ನು ಹೇಳಲೇಬೇಕು. ಕೆಲವು ವಿನಾಯಿತಿಗಳನ್ನು ಬಿಟ್ಟರೆ ಮಂಜೂರಾತಿ ಹೆಂಗಸಿನ ಹೆಸರಿಗೆ, ಇಲ್ಲವೆ ಗಂಡಹೆಂಡಿರ ಜಂಟಿ ಹೆಸರಿಗೆ ಆಗಬೇಕು ಎಂಬ ನಿಯಮ ಬಂತು. ಹೆಸರಿಗೇನು ಬೆಲೆ ಎನ್ನಬೇಡಿ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್‌ವಾಲ್ ಸುಮಾರು 500 ವಿವಾಹಿತ ಮಹಿಳೆಯರನ್ನು ಮಾತಾಡಿಸಿ ಮಾಡಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಮನೆಯೂ ಜಮೀನೂ ತಮ್ಮ ಹೆಸರಿನಲ್ಲಿ ಇಲ್ಲದ ಹೆಂಗಸರಲ್ಲಿ 100ಕ್ಕೆ 49 ಮಂದಿ ಗಂಡನಿಂದ ಹೊಡೆತ ತಿಂದಿದ್ದರು. ಮನೆ ಮಾತ್ರ ಇದ್ದವರಲ್ಲಿ ಅದು 100ಕ್ಕೆ 10. ಮನೆ, ಜಮೀನು ಎರಡೂ ಇದ್ದವರಲ್ಲಿ 7. ತನ್ನ ಹೆಸರಿನ ಸೂರು ಇದ್ದವಳಿಗೆ 'ನಡಿ ಆಚೆ' ಎನ್ನುವುದು ಅಷ್ಟು ಸುಲಭವಲ್ಲ. ಅವಳು 'ನೀನೇ ನಡಿ' ಎನ್ನಬಲ್ಲಳು ಎಂಬುದು ಅವನಿಗೂ ಗೊತ್ತು. ಆದ್ದರಿಂದ ಭವನದ ಮಾತಿಗೆ ಮುಂಚೆ ಒಂದು ಮಾತು: ನಿಮ್ಮ ಮನೆಯ ಹಕ್ಕುಪತ್ರ ಎಲ್ಲಿದೆ, ಯಾರ ಹೆಸರಿನಲ್ಲಿದೆ, ಖಾತೆ ಯಾರ ಹೆಸರಿಗೆ ಆಗಿದೆ, ನೋಡಿಕೊಳ್ಳಿ. ಹಕ್ಕುಪತ್ರ ಹೆಂಡತಿಯ ಹೆಸರಲ್ಲಿದ್ದು ಅದು ಮಾತ್ರ ಸಾಲ ಕೊಟ್ಟವನ ಪೆಟ್ಟಿಗೆಯಲ್ಲಿ ಇರುವ ಮನೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಹಾಗೆಂದು ಮನೆಯೊಂದೇ ಸಾಲದು. ಇಂದಿರಾ ಆವಾಸ್ ಮನೆಯ ಅಳತೆ 20 ಚದರ ಮೀಟರ್, ಈಗಿನ ಯೋಜನೆಯಲ್ಲಿ ಕನಿಷ್ಠ 25 ಚದರ ಮೀಟರ್, ಅಂದರೆ ಅಡಿಗೆಯ ಜಾಗವೂ ಸೇರಿ 270 ಚದರ ಅಡಿ. ಅತ್ತೆ, ಮಾವ, ಮಕ್ಕಳು, ಜೊತೆಗೆ ಮೈದುನ ಇದ್ದರೆ ಅವನೂ ಅಷ್ಟರಲ್ಲೇ. ಅಂಥ ಮನೆಯಲ್ಲಿ ಹೆಂಗಸಿಗೆ ಅಳಲೂ ಜಾಗವಿಲ್ಲ. ಓಣಿಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಂದು ಮನೆಯ ಹೊಡೆತದ ಸದ್ದು ಹತ್ತು ಮನೆಗೆ ಕೇಳುತ್ತದೆ. ಆದರೆ ಕೇಳಿಸಿಕೊಂಡವರು ಯಾರೂ ಇಲ್ಲ, ಏಕೆಂದರೆ ಅದು 'ಅವರ ಮನೆ ವಿಷಯ'. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮದುವೆಯಾದ ಹೆಂಗಸರ ಪೈಕಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದು ಹೇಳಿದವರು ಕರ್ನಾಟಕದಲ್ಲಿ 100ಕ್ಕೆ 44. ದೇಶದ ಎಲ್ಲ ರಾಜ್ಯಗಳಿಗಿಂತ ನಮ್ಮದೇ ಮುಂದು. ಐದು ವರ್ಷ ಹಿಂದಿನ ಸಮೀಕ್ಷೆಯಲ್ಲಿ ಅದು 100ಕ್ಕೆ 21ರಷ್ಟಿತ್ತು. ಹಿಂಸೆ ಹೆಚ್ಚಿತೋ ಹೇಳುವ ಧೈರ್ಯ ಹೆಚ್ಚಿತೋ ಎಂದು ಪಂಡಿತರು ಚರ್ಚೆ ಮಾಡಲಿ. ಎರಡಾದರೂ ನಮ್ಮ ಕೆಲಸ ಹೆಚ್ಚಾಗಿದೆ.

ಈಗ ಭವನ. ಜಡೆಯ ಹೆಂಗಸರು ಮೊದಲು ಮಾತಾಡಿದ್ದು ಜಾಗದ ಬಗ್ಗೆ. ಅದು ಸರಿಯಾದ ಆರಂಭ. ಪಂಚಾಯಿತಿಯವರು ಯಾವಾಗಲೂ ತೋರಿಸುವುದು ಉಳಿದ ಜಾಗವನ್ನು: ಸ್ಮಶಾನದ ಪಕ್ಕ, ಕೆರೆಯ ಕೆಳಗಿನ ಜೌಗು, ರಸ್ತೆಯಾಚೆಯ ಗೋಮಾಳದ ಮೂಲೆ. ಅಲ್ಲಿ ಕಟ್ಟಿದರೆ ಸಂಜೆ ಆರರ ನಂತರ ಒಬ್ಬ ಹೆಂಗಸೂ ಬರುವುದಿಲ್ಲ. ಕೂಲಿ ಮಾಡುವವರಿಗೆ ಬಿಡುವಾಗುವುದೇ ಆರರ ನಂತರ. ಭತ್ತದ ನಾಟಿ, ಶುಂಠಿ ಹೊಲ, ಅನಾನಸ್ ತೋಟ, ಅಡಿಕೆ ಸುಲಿತ ಎಂದು ದಿನವಿಡೀ ದುಡಿದು ಬಂದವಳು ಊರ ಹೊರಗಿನ ಕತ್ತಲೆಯಲ್ಲಿ ನಡೆದು ಸಭೆಗೆ ಹೋಗಲಾರಳು. ಭವನ ಮನೆಗಳ ನಡುವೆಯೇ ಇರಬೇಕು, ಅಥವಾ ಅಂಗನವಾಡಿಗೆ ಅಂಟಿಕೊಂಡಿರಬೇಕು. ಅಲ್ಲಿಗೆ ಹೆಂಗಸರು ಹೇಗೂ ಹೋಗುತ್ತಾರೆ, ಏಕೆ ಹೋದೆ ಎಂದು ಯಾರೂ ಕೇಳುವುದಿಲ್ಲ.

ಜಾಗದ ಪ್ರಶ್ನೆಯೊಳಗೆ ಜಾತಿಯ ಪ್ರಶ್ನೆಯೂ ಇದೆ. ಇದನ್ನು ಮುಚ್ಚಿಟ್ಟು ಮಾತಾಡಿದರೆ ಪ್ರಯೋಜನವಿಲ್ಲ. ನಮ್ಮ ಊರುಗಳಲ್ಲಿ ಅಂಬೇಡ್ಕರ್ ಭವನ ಒಂದು ಕೇರಿಗೆ, ಇನ್ನೊಂದು ಸಮಾಜದ ಭವನ ಇನ್ನೊಂದು ಕೇರಿಗೆ, ಶಾದಿಮಹಲ್ ಮತ್ತೊಂದು ಕಡೆಗೆ. ಆಶ್ರಯ ಓಣಿಯಲ್ಲಿ ಎಲ್ಲ ಜಾತಿಯ ಬಡವರೂ ಇರುತ್ತಾರೆ ಎನ್ನುತ್ತೇವೆ, ಆದರೆ ಅಲ್ಲಿಯೂ ಸಾಲುಗಳಿವೆ. ಯಾವ ಸಾಲಿನ ತುದಿಯಲ್ಲಿ ಭವನ ಬರುತ್ತದೆ ಎನ್ನುವುದರ ಮೇಲೆ ಯಾರು ಒಳಗೆ ಬರುತ್ತಾರೆ, ಯಾರು ಹೊಸ್ತಿಲಲ್ಲಿ ನಿಲ್ಲುತ್ತಾರೆ ಎಂಬುದು ತೀರ್ಮಾನವಾಗುತ್ತದೆ. ಊರೊಟ್ಟಿನ ಭವನದ ವೇದಿಕೆ ಹತ್ತಲು ದಲಿತ ಹೆಂಗಸು ಹಿಂಜರಿಯುವ ಊರಲ್ಲಿ ಭವನ ಅವರ ಕೇರಿಯ ಬದಿಗೇ ಬರಲಿ, ಮಿಕ್ಕವರು ಅಲ್ಲಿಗೆ ನಡೆದು ಹೋಗಲಿ. ನನ್ನ ಅಭಿಪ್ರಾಯ ಇಷ್ಟು. ಇದಕ್ಕೆ ಸಂಘದೊಳಗೇ ತಕರಾರು ಬಂತು. ಬಂದದ್ದು ಒಳ್ಳೆಯದಾಯಿತು, ನಕ್ಷೆ ಬರೆಯುವ ಹೊತ್ತಿನಲ್ಲೇ ಜಗಳವಾಡಿದರೆ ಕಟ್ಟಿದ ಮೇಲೆ ಆಡುವುದು ತಪ್ಪುತ್ತದೆ.

ಮಲೆನಾಡಿನ ಮನೆಯಲ್ಲಿ ಜಗಲಿ ಗಂಡಸರದು, ಹಿತ್ತಿಲು ಹೆಂಗಸರದು. ಜಗಲಿಯಲ್ಲಿ ಪಂಚಾಯಿತಿ ನಡೆಯುತ್ತದೆ, ಮದುವೆಯ ಮಾತುಕತೆಯಾಗುತ್ತದೆ, ಎಷ್ಟು ತೊಲ ಎಷ್ಟು ಸಾವಿರ ಎಂಬ ಲೆಕ್ಕ ಮುಗಿಯುತ್ತದೆ. ಯಾರ ಬಗ್ಗೆ ಆ ಲೆಕ್ಕವೋ ಅವಳು ಒಳಗಿನಿಂದ ಚಹಾ ತಂದಿಟ್ಟು ಹೋಗುತ್ತಾಳೆ. ನಮ್ಮ ಭವನದಲ್ಲಿ ಜಗಲಿ ಇರಲಿ, ಅಗಲವಾಗಿಯೇ ಇರಲಿ, ಮಳೆಗಾಲದಲ್ಲಿ ಅದಿಲ್ಲದೆ ಆಗುವುದಿಲ್ಲ. ಆದರೆ ಜಗಲಿಯಲ್ಲಿ ಕೂರುವವರು ನಾವು. ಹಿತ್ತಿಲ ಬಾಗಿಲೂ ಒಂದಿರಲಿ. ಮುಂಬಾಗಿಲಿನಿಂದ ನಾಲ್ಕು ಜನರ ಎದುರಿಗೆ ಬರಲಾರದವಳು ಆ ಬಾಗಿಲಿನಿಂದ ಬರಬಹುದು, ಗಂಡನೋ ಅವನ ಕಡೆಯವರೋ ಮುಂದಿನಿಂದ ಕೂಗಾಡುತ್ತ ಬಂದರೆ ಅವಳನ್ನು ಅಲ್ಲಿಂದ ಕರೆದೊಯ್ಯಬಹುದು. ಒಂದೇ ಬಾಗಿಲಿನ ಶೆಟರ್ ಹಾಲಿನಲ್ಲಿ ಹೆದರಿದ ಹೆಂಗಸು ಹೆದರಿಕೊಂಡೇ ಕೂರುತ್ತಾಳೆ.

ಮಾತಾಡಲು ಒಂದು ಚಿಕ್ಕ ಕೋಣೆ ಬೇಕು. ಹತ್ತಡಿ ಹತ್ತಡಿ ಸಾಕು, ಬಾಗಿಲು ಮುಚ್ಚುವಂತಿರಬೇಕು, ಗೋಡೆ ಚಾವಣಿಯವರೆಗೂ ಇರಬೇಕು. ಅರ್ಧ ಗೋಡೆಯ ಕೋಣೆಯಲ್ಲಿ ಯಾರೂ ನಿಜ ಹೇಳುವುದಿಲ್ಲ. ಆ ಕೋಣೆಯ ಮೇಲೆ 'ನೊಂದ ಮಹಿಳೆಯರ ಸಲಹಾ ಕೇಂದ್ರ' ಎಂದು ದಪ್ಪ ಅಕ್ಷರದ ಫಲಕ ಹಾಕಬೇಡಿ. ಫಲಕ ನೋಡಿ ಬರುವವಳಿಗಿಂತ ಫಲಕ ನೋಡಿ ಹಿಂದೆ ಹೋಗುವವಳೇ ಹೆಚ್ಚು. ಹೊಲಿಗೆ ಕೋಣೆಯ ಪಕ್ಕದಲ್ಲಿ, ಸಂಘದ ಲೆಕ್ಕ ಬರೆಯುವ ಜಾಗದ ಪಕ್ಕದಲ್ಲಿ ಅದು ಇರಲಿ. ಸಾಲದ ಕಂತು ಕಟ್ಟಲು ಹೋಗುತ್ತೇನೆ ಎಂದು ಅತ್ತೆಗೆ ಹೇಳಿ ಬಂದವಳು ಐದು ನಿಮಿಷ ಒಳಗೆ ಹೋಗಿ ಮಾತಾಡಿ ಬರಲಿ. ಬೆಂಗಳೂರಿನ ವಿಮೋಚನಾ ಗೆಳತಿಯರು ತಮ್ಮ ಸಲಹಾ ಕೇಂದ್ರಕ್ಕೆ 'ಅಂಗಳ' ಎಂದು ಹೆಸರಿಟ್ಟರು. ಎಷ್ಟು ಸಾದಾ ಹೆಸರು ನೋಡಿ. ಅಂಗಳಕ್ಕೆ ಹೋಗಿದ್ದೆ ಎಂದರೆ ಯಾರಿಗೆ ಸಿಟ್ಟು ಬರುತ್ತದೆ?

ಮಕ್ಕಳನ್ನು ಮರೆತು ಹೆಂಗಸರಿಗಾಗಿ ಕಟ್ಟಡ ಕಟ್ಟುವವರು ಗಂಡಸರೇ ಇರಬೇಕು. ಸಭೆಯ ಹಾಲಿನ ಪಕ್ಕದಲ್ಲಿ ಮಕ್ಕಳಿಗೊಂದು ಕೋಣೆ, ನಡುವೆ ಕಿಟಕಿ, ತಾಯಿಗೆ ಮಗು ಕಾಣುವಂತೆ. ಕೂಲಿ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ 'ಕೂಸಿನ ಮನೆ'ಗಳನ್ನು ಶುರು ಮಾಡಿತು. ನಿಮ್ಮ ಪಂಚಾಯಿತಿಯಲ್ಲಿ ಅದಿದ್ದರೆ ಭವನದ ಜೊತೆ ಸೇರಿಸಿ ಕೇಳಿ. ಮುದುಕಿಯರಿಗೆ, ಕಾಲಿಲ್ಲದವರಿಗೆ, ಬಸುರಿಯರಿಗೆ ಮೆಟ್ಟಿಲ ಬದಲು ಇಳಿಜಾರು ಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಸಾರ್ವಜನಿಕ ಕಟ್ಟಡಕ್ಕೆ ಇದು ಕಡ್ಡಾಯ, ಯಾರ ಔದಾರ್ಯವೂ ಅಲ್ಲ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬುದು ಅಳತೆ. ಜಗಲಿ ಒಂದೂವರೆ ಅಡಿ ಎತ್ತರವಿದ್ದರೆ ಇಳಿಜಾರು ಹದಿನೆಂಟು ಅಡಿ ಬೇಕು. ಗುತ್ತಿಗೆದಾರ ಆರು ಅಡಿಯಲ್ಲಿ ಮುಗಿಸಿ ಕೈ ತೊಳೆದುಕೊಳ್ಳುತ್ತಾನೆ. ಆ ಕಡಿದಾದ ಜಾರುಬಂಡೆಯ ಮೇಲೆ ಗಟ್ಟಿಮುಟ್ಟಾದವರೂ ಜಾರಿ ಬೀಳುತ್ತಾರೆ. ಅಳತೆ ಟೇಪು ಹಿಡಿದು ನಿಲ್ಲಲು ಸಂಘದಿಂದ ಇಬ್ಬರನ್ನು ಈಗಲೇ ಗೊತ್ತು ಮಾಡಿ.

ಶೌಚಾಲಯ ಒಳಗಿನಿಂದಲೇ ಹೋಗುವಂತಿರಲಿ, ಅದಕ್ಕೆ ನೀರು, ಚಿಲಕ, ದೀಪ ಇರಲಿ, ಮುಟ್ಟಿನ ಬಟ್ಟೆ ಹಾಕಲು ಮುಚ್ಚಳದ ಡಬ್ಬಿ ಇರಲಿ. ಈ ವಿಷಯದಲ್ಲಿ ಇಷ್ಟು ಸಾಕು, ನಿಮಗೇ ಗೊತ್ತು.

ಯಾವುದರಿಂದ ಕಟ್ಟುವುದು? ಸಿಮೆಂಟು ತಾರಸಿ ಹಾಕಿ ಬಣ್ಣ ಬಳಿದರೆ ಮಾತ್ರ 'ಪಕ್ಕಾ' ಎಂಬ ಭ್ರಮೆ ನಮ್ಮಲ್ಲಿದೆ. ಎರಡನೆಯ ಮಳೆಗಾಲಕ್ಕೆ ಆ ತಾರಸಿ ಸೋರುತ್ತದೆ, ಮೂರನೆಯ ಮಳೆಗಾಲಕ್ಕೆ ಮೇಲೆ ತಗಡು ಬರುತ್ತದೆ. ನಮ್ಮ ಸೀಮೆಯ ಜಂಬಿಟ್ಟಿಗೆ ಕಲ್ಲು ನೆಲದಿಂದ ಕಡಿಯುವಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಸುಡಬೇಕಾಗಿಲ್ಲ, ಸೌದೆ ಬೇಡ. ಅದರ ಗೋಡೆಗೆ ಗಿಲಾಯಿಯೂ ಬೇಡ. ಇಳಿಜಾರಿನ ಹೆಂಚಿನ ಮಾಡು, ಉದ್ದ ಸೂರು, ಮಳೆಯ ಇರಚಲು ಗೋಡೆಗೆ ತಾಗದಷ್ಟು. ಕಲ್ಲು ಸಿಗದ ಊರುಗಳಲ್ಲಿ ಮಣ್ಣಿನ ಇಟ್ಟಿಗೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳ ತಂತ್ರಜ್ಞಾನಕ್ಕೆಂದೇ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. ಅದೇ ಕೇಂದ್ರದವರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡುವ ವಿಧಾನವನ್ನು ರೂಪಿಸಿದರು. ಅದಕ್ಕೂ ಸುಡುವ ಭಟ್ಟಿ ಬೇಡ, ಪಾಯ ತೆಗೆದ ಮಣ್ಣೇ ಗೋಡೆಗೆ ಆಗಬಹುದು. ಇಂಥ ಕಡಿಮೆ ಖರ್ಚಿನ ಕಟ್ಟಡಕ್ಕೆಂದೇ ನಿರ್ಮಿತಿ ಕೇಂದ್ರಗಳಿವೆ. ಜಿಲ್ಲೆಯ ನಿರ್ಮಿತಿ ಕೇಂದ್ರದಿಂದ ಅಂದಾಜುಪಟ್ಟಿ ಮಾಡಿಸಿ ಎಂದು ಅರ್ಜಿಯಲ್ಲಿ ಬರೆಯಿರಿ.

ಕಟ್ಟುವವರು ಯಾರು ಎಂಬುದೂ ಮುಖ್ಯ. ಈವರೆಗೆ ಕಟ್ಟಡದಲ್ಲಿ ಹೆಂಗಸರ ಪಾಲು ಬುಟ್ಟಿ ಹೊರುವುದು, ಕಲಸಿದ್ದನ್ನು ಎತ್ತಿ ಕೊಡುವುದು. ಕರಣೆ ಗಂಡಸಿನ ಕೈಯಲ್ಲಿ, ಹೆಚ್ಚಿನ ಕೂಲಿಯೂ ಅವನಿಗೆ. ನಮ್ಮ ಭವನದ ಕೆಲಸದಲ್ಲಿ ಓಣಿಯ ನಾಲ್ಕು ಹೆಂಗಸರಾದರೂ ಗಾರೆ ಕೆಲಸ ಕಲಿಯಬೇಕೆಂದು ಷರತ್ತು ಹಾಕಿದರೆ ಅವರಿಗೆ ಬದುಕಿಗೊಂದು ಕೆಲಸ ಸಿಕ್ಕಿತು, ಭವನಕ್ಕೆ ಮುಂದೆ ರಿಪೇರಿ ಮಾಡುವವರು ಓಣಿಯಲ್ಲೇ ಸಿಕ್ಕಿದರು.

ನೀರಿನ ಲೆಕ್ಕ ಒಂದನ್ನು ಸಭೆಯಲ್ಲಿ ಮಾಡಿದೆವು, ಎಲ್ಲರಿಗೂ ಖುಷಿಯಾಯಿತು. ಸಾವಿರ ಚದರ ಅಡಿ ಮಾಡಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,300 ಲೀಟರ್ ನೀರು. ಸ್ವಲ್ಪ ಪೋಲಾಯಿತು ಎಂದರೂ ಎರಡು ಸಾವಿರ ಲೀಟರ್‌ಗೆ ಮೋಸವಿಲ್ಲ. ಮಳೆಗಾಲದ ಒಂದು ಒಳ್ಳೆಯ ದಿನದಲ್ಲಿ ಭವನದ ವಾರದ ಖರ್ಚಿನ ನೀರು ಬಂದುಬಿಡುತ್ತದೆ. ಕೆರೆಗಳ ತಾಲೂಕು ಎನಿಸಿಕೊಂಡ ಸೊರಬದಲ್ಲಿ ಬೇಸಿಗೆಗೆ ಕೊಡ ಹಿಡಿದು ಕೊಳವೆಬಾವಿಯ ಮುಂದೆ ನಿಲ್ಲುವ ಸ್ಥಿತಿ ಬಂದಿದೆ. ನೀರು ತರಲು ತಡವಾಯಿತು ಎಂಬುದೇ ಏಟಿಗೆ ಸಾಕಷ್ಟು ಕಾರಣವಾಗುವ ಮನೆಗಳಿವೆ ಎಂಬುದನ್ನು ಮರೆಯಬಾರದು. ಮಾಡಿನ ಮೇಲೆ ಒಂದು ಕಿಲೋವ್ಯಾಟ್‌ನ ಸೋಲಾರ್ ಫಲಕ ಇದ್ದರೆ ಬಿಸಿಲಿನ ದಿನ ನಾಲ್ಕು ಯೂನಿಟ್‌ನಷ್ಟು ಕರೆಂಟು ಬರುತ್ತದೆ. ದೀಪ, ಫ್ಯಾನು, ಒಂದೆರಡು ಹೊಲಿಗೆ ಯಂತ್ರಕ್ಕೆ ಸಾಕು. ಹೊರಗಿನ ದೀಪ ರಾತ್ರಿಯಿಡೀ ಉರಿಯಲಿ.

ಇಷ್ಟೆಲ್ಲ ಆದ ಮೇಲೆ ಬರುವ ಕಷ್ಟದ ಪ್ರಶ್ನೆ: ಮದುವೆಗೆ ಭವನ ಕೊಡಬೇಕೋ ಬೇಡವೋ? ಈ ಬಗ್ಗೆ ಬಹಳ ಹೊತ್ತು ವಾದ ನಡೆಯಿತು. ಬಾಡಿಗೆಯಿಲ್ಲದೆ ಭವನ ನಡೆಯುವುದಿಲ್ಲ. ಸುಣ್ಣಬಣ್ಣ, ಬಲ್ಬು, ಕಸಗುಡಿಸುವವರ ಸಂಬಳ, ಇದಕ್ಕೆಲ್ಲ ಪಂಚಾಯಿತಿ ವರ್ಷ ವರ್ಷ ದುಡ್ಡು ಕೊಡುತ್ತದೆಂದು ನಂಬಿ ಕೂರುವಂತಿಲ್ಲ. ಬಡವರಿಗೆ ಪೇಟೆಯ ಕಲ್ಯಾಣಮಂಟಪದ ಬಾಡಿಗೆ ಕೊಡುವ ಶಕ್ತಿಯಿಲ್ಲ, ಅವರ ಮಗಳ ಮದುವೆ ಎಲ್ಲಿ ಆಗಬೇಕು? ಇನ್ನೊಂದು ಕಡೆ, ವರದಕ್ಷಿಣೆಯ ವಿರುದ್ಧ ಸಭೆ ಮಾಡಿದ ಹಾಲಿನಲ್ಲೇ ಮರುದಿನ ಬೈಕಿನ ಕೀಲಿಕೈಯನ್ನು ಅಳಿಯನ ಕೈಗಿಡುವುದನ್ನು ನೋಡುತ್ತ ಕೂರುವುದೆ?

ನಾನು ಹೇಳಿದ್ದು: ಕೊಡೋಣ, ಷರತ್ತು ಹಾಕಿ ಕೊಡೋಣ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲಿ ಕೇಂದ್ರ ಸರ್ಕಾರ ಒಂದು ನಿಯಮಾವಳಿ ಮಾಡಿತು. ಮದುವೆಯಲ್ಲಿ ಹುಡುಗಿಗೆ ಕೊಟ್ಟದ್ದು, ಹುಡುಗನಿಗೆ ಕೊಟ್ಟದ್ದು ಎರಡಕ್ಕೂ ಬೇರೆ ಬೇರೆ ಪಟ್ಟಿ ಬರೆದಿಡಬೇಕು. ವಸ್ತು ಏನು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಅವರು ಏನಾಗಬೇಕು ಎಂದೆಲ್ಲ ಬರೆದು ಗಂಡು ಹೆಣ್ಣು ಇಬ್ಬರೂ ರುಜು ಹಾಕಬೇಕು. ಈ ಪಟ್ಟಿಯನ್ನು ಬರೆದವರನ್ನು ನಾನು ಬೆರಳೆಣಿಕೆಯಷ್ಟೂ ನೋಡಿಲ್ಲ. ನಾಳೆ ಹುಡುಗಿಯನ್ನು ಮನೆಯಿಂದ ಹೊರಗೆ ಹಾಕಿದಾಗ ತನ್ನ ಒಡವೆ, ಪಾತ್ರೆ, ಬೀರು ವಾಪಸು ಕೇಳಲು ಅವಳ ಕೈಯಲ್ಲಿ ಒಂದು ಚೂರು ಕಾಗದ ಇರುವುದಿಲ್ಲ. ನಮ್ಮ ಭವನದಲ್ಲಿ ಒಂದು ದಪ್ಪ ಪುಸ್ತಕ ಇರಲಿ. ಬಾಡಿಗೆಯ ರಸೀತಿ ಹರಿಯುವ ಮುಂಚೆ ಹುಡುಗಿಯ, ಹುಡುಗನ ವಯಸ್ಸಿನ ದಾಖಲೆ ತೋರಿಸಲಿ. ಮದುವೆಯ ದಿನ ಪಟ್ಟಿ ಬರೆದು ರುಜು ಹಾಕಲಿ, ಒಂದು ಪ್ರತಿ ಹುಡುಗಿಯ ಕೈಗೆ. ವರದಕ್ಷಿಣೆ ಮುಚ್ಚಿಟ್ಟು ಕೊಡುತ್ತಾರೆ, ಪುಸ್ತಕಕ್ಕೆ ಬರುವುದಿಲ್ಲ ಎಂದು ಒಬ್ಬರು ಹೇಳಿದರು. ನಿಜ, ಪೂರ್ತಿ ಬರುವುದಿಲ್ಲ. ಆದರೆ ಪುಸ್ತಕ ಎದುರಿಗಿದ್ದಾಗ ಕೈ ಸ್ವಲ್ಪವಾದರೂ ನಡುಗುತ್ತದೆ. ಇದೇ ಜಿಲ್ಲೆಯ ಕುಪ್ಪಳಿಯ ಕುವೆಂಪು ಅವರು ಪುರೋಹಿತರಿಲ್ಲದ, ಆಡಂಬರವಿಲ್ಲದ ಮಂತ್ರಮಾಂಗಲ್ಯವನ್ನು ಕೊಟ್ಟಿದ್ದಾರೆ. ಹಾಗೆ ಮದುವೆಯಾಗುವವರಿಗೆ, ವಿಧವಾ ವಿವಾಹಕ್ಕೆ, ಜಾತಿ ಮೀರಿದ ಮದುವೆಗೆ ಭವನ ಪುಕ್ಕಟೆ ಎಂದು ಠರಾವು ಮಾಡಿ.

ಪುಸ್ತಕದ ಮಾತು ಬಂದದ್ದರಿಂದ ಇನ್ನೊಂದು ಪುಸ್ತಕದ ಮಾತನ್ನೂ ಆಡಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸಂಘದ ಸಾಲದ ಪುಸ್ತಕದಲ್ಲಿ 'ಹಸು ಖರೀದಿ', 'ಹೊಲಿಗೆ ಯಂತ್ರ' ಎಂದು ಬರೆದ ಎಷ್ಟೋ ಸಾಲಗಳು ನೇರವಾಗಿ ಹುಡುಗನ ಮನೆಗೆ ಹೋಗಿವೆ. ತಾಯಿ ವಾರ ವಾರ ಕಂತು ಕಟ್ಟುತ್ತಾಳೆ, ಮಗಳು ಅಲ್ಲಿ ಇನ್ನಷ್ಟು ತಾ ಎಂದು ಏಟು ತಿನ್ನುತ್ತಾಳೆ. 2000ದಲ್ಲಿ ರಾಜ್ಯದಲ್ಲಿ ಸ್ತ್ರೀಶಕ್ತಿ ಸಂಘಗಳು ಆರಂಭವಾದಾಗ, ಆಮೇಲೆ ಸಂಜೀವಿನಿ ಒಕ್ಕೂಟಗಳು ಬಂದಾಗ, ಉಳಿತಾಯ ಹೆಂಗಸಿಗೆ ಬಲ ಕೊಡುತ್ತದೆ ಎಂದು ನಾವೆಲ್ಲ ಹೇಳಿದೆವು. ಆ ಬಲ ವರದಕ್ಷಿಣೆಯ ಬಲವಾಗಬಾರದು ಎಂದಾದರೆ ಸಾಲ ಕೇಳಿದವಳನ್ನು ಆ ಚಿಕ್ಕ ಕೋಣೆಗೆ ಕರೆದು ನಿಜವಾಗಿ ಏತಕ್ಕೆ ಎಂದು ಕೇಳುವ ಅಕ್ಕ ಒಬ್ಬಳು ಬೇಕು.

ಭವನ ಯಾರ ಸುಪರ್ದಿನಲ್ಲಿರಬೇಕು? ಇದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಹಳೆಯ ಪಾಠವಿದೆ. 1989ರಲ್ಲಿ ಬಿಜಾಪುರ, ಬೀದರ್, ಮೈಸೂರು ಜಿಲ್ಲೆಗಳಲ್ಲಿ ಮಹಿಳಾ ಸಮಖ್ಯಾ ಕಾರ್ಯಕ್ರಮ ಶುರುವಾಯಿತು. ಅದರಲ್ಲಿ ಸಂಘದ ಮನೆ ಕಟ್ಟಿಕೊಳ್ಳಲು ಹಣವಿತ್ತು. ಹಣ ತರುವುದಕ್ಕಿಂತ ಜಾಗ ಪಡೆಯುವುದು ಕಷ್ಟದ ಕೆಲಸ. ಭೂಮಿಯಿಲ್ಲದ ದಲಿತ ಹೆಂಗಸರು ಸಂಘದ ಹೆಸರಿಗೆ ನಿವೇಶನ ಕೇಳಿಕೊಂಡು ಪಂಚಾಯಿತಿಗೆ, ಕಚೇರಿಗೆ ಅಲೆಯುವುದರಲ್ಲೇ ಅಧಿಕಾರಿಗಳ ಎದುರು ಕೂತು ಮಾತಾಡುವುದನ್ನು ಕಲಿತರು. ಸಂಘದ ಮನೆ ಚಿಕ್ಕದು, ಹೆಚ್ಚೇನೂ ಇರುತ್ತಿರಲಿಲ್ಲ. ಆದರೆ ಅದು ಅವರದು. ಅಲ್ಲಿ ಓದು ಬರಹ ನಡೆಯಿತು, ನ್ಯಾಯ ಪಂಚಾಯಿತಿ ನಡೆಯಿತು. ಆಮೇಲೆ ಆ ಕಾರ್ಯಕ್ರಮಕ್ಕೆ ಕೇಂದ್ರದ ಹಣ ನಿಂತಿತು. ಸಂಘದ ಹೆಸರಿಗೆ ಜಾಗ ಬರೆಸಿಕೊಂಡವರಿಗೆ ಮನೆಯಾದರೂ ಉಳಿಯುತ್ತದೆ. ಹಾಗಾಗಿ ಜಡೆಯವರಿಗೆ ನಮ್ಮ ಸಲಹೆ: ಆಸ್ತಿ ಪಂಚಾಯಿತಿಯದೇ ಇರಲಿ, ಆದರೆ ನಿರ್ವಹಣೆ ಓಣಿಯ ಸಂಘಗಳ ಸಮಿತಿಗೆ ಎಂದು ಗ್ರಾಮಸಭೆಯಲ್ಲಿ ಠರಾವಾಗಿ ಪುಸ್ತಕದಲ್ಲಿ ಬರೆಯಲಿ. ಸಮಿತಿಯಲ್ಲಿ ಗಂಡ ಬಿಟ್ಟವರು, ವಿಧವೆಯರು, ವಿಕಲಚೇತನರು, ಪ್ರತಿ ಕೇರಿಯವರು ಇರಲಿ. ಜೋಗಪ್ಪ ಎಂದು ದೇವರ ಹೆಸರಿನಲ್ಲಿ ಕೈಮುಗಿದು, ಮನೆ ಬಾಡಿಗೆಗೆ ಕೇಳಿದರೆ ಓಡಿಸುವ ನಮ್ಮ ಜನಕ್ಕೆ ಅವರೂ ಓಣಿಯವರೇ ಎಂದು ಗೊತ್ತಾಗಲಿ. ಚಂದ್ರಗುತ್ತಿ ಇರುವ ತಾಲೂಕಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಡಸರು ಬೇಡವೆ ಎಂದು ಕೇಳಿದರು. ಬರಲಿ, ಮಕ್ಕಳ ಓದಿಗೆ, ರೈತರ ಸಭೆಗೆ, ಭಜನೆಗೆ ಬರಲಿ. ಕುಡಿದು ಬರುವಂತಿಲ್ಲ, ಮತ್ತು ಚಿಕ್ಕ ಕೋಣೆಯ ಕೀಲಿ ಅವರ ಬಳಿ ಇರುವಂತಿಲ್ಲ.

ರಾತ್ರಿ ಓಡಿಬಂದವಳನ್ನು ಅಲ್ಲೇ ಮಲಗಿಸಬಹುದೆ? ಒಂದು ರಾತ್ರಿಗೆ, ಸಂಘದ ಇಬ್ಬರು ಜೊತೆಗಿದ್ದರೆ, ಖಂಡಿತ. ಆದರೆ ಭವನ ಆಶ್ರಯಧಾಮವಲ್ಲ, ಬಾಗಿಲು ಒಡೆಯಲು ಬಂದವನನ್ನು ಎದುರಿಸುವ ಕೆಲಸ ಪೊಲೀಸರದು. 112ಕ್ಕೆ ಫೋನು ಮಾಡಿ, ಮಹಿಳಾ ಸಹಾಯವಾಣಿ 181ಕ್ಕೆ ಮಾಡಿ. ಈ ಎರಡು ಅಂಕಿಗಳನ್ನು ಗೋಡೆಯ ಮೇಲೆ ಬಣ್ಣದಲ್ಲೇ ಬರೆಸಿ, ಕಾಗದ ಹರಿದುಹೋಗುತ್ತದೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆಯ ಪ್ರಕಾರ ಮನೆ ಯಾರ ಹೆಸರಿನಲ್ಲಿದ್ದರೂ ಅವಳು ಬಾಳುತ್ತಿದ್ದ ಮನೆಯಲ್ಲಿ ಇರುವ ಹಕ್ಕು ಅವಳಿಗಿದೆ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಅವರ ಮೂಲಕ ಅರ್ಜಿ ಹೋದರೆ ಮ್ಯಾಜಿಸ್ಟ್ರೇಟರು ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ ಇಡಬೇಕು, ಅರವತ್ತು ದಿನದಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಎಷ್ಟು ದಿನ ಆಗುತ್ತದೆ ಎಂಬುದು ನಮಗೆಲ್ಲ ಗೊತ್ತಿರುವ ಕಥೆ. ಆದರೂ ಕೇಳಲು ಕಾನೂನು ಇದೆ. ಹಳೆಯ 498ಎ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86 ಆಗಿದೆ, ವರದಕ್ಷಿಣೆ ಸಾವಿನ 304ಬಿ ಈಗ 80. ಠಾಣೆಯಲ್ಲಿ '498ಎ ಈಗ ಇಲ್ಲ, ತೆಗೆದುಹಾಕಿದ್ದಾರೆ' ಎಂದು ಯಾರಾದರೂ ನಿಮ್ಮನ್ನು ವಾಪಸು ಕಳಿಸಲು ನೋಡಿದರೆ ಈ ಅಂಕಿಗಳನ್ನು ಹೇಳಿ. ಜಡೆಯಿಂದ ಶಿವಮೊಗ್ಗೆಗೆ ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ. ತಿಂಗಳಿಗೊಮ್ಮೆಯಾದರೂ ಸಂರಕ್ಷಣಾಧಿಕಾರಿ, ಕಾನೂನು ಸೇವಾ ಸಮಿತಿಯ ವಕೀಲರು ಭವನಕ್ಕೇ ಬರಬೇಕೆಂದು ಅರ್ಜಿಯಲ್ಲಿ ಸೇರಿಸಿ.

ಸೊರಬ, ಶಿಕಾರಿಪುರದ ಊರೂರಲ್ಲಿ ಮಾಸ್ತಿಕಲ್ಲುಗಳಿವೆ. ಗಂಡನ ಚಿತೆಯಲ್ಲಿ ಬೆಂದವಳಿಗೆ ಕಲ್ಲು ನಿಲ್ಲಿಸಿ, ಬಳೆ ತೊಟ್ಟ ಕೈಯನ್ನು ಕೆತ್ತಿ ಪೂಜಿಸಿದ ಸೀಮೆ ಇದು. ಗಂಡನ ಅರಮನೆ ಒಲ್ಲೆನೆಂದು ಎದ್ದು ಹೊರಟ ಅಕ್ಕಮಹಾದೇವಿಯ ಉಡುತಡಿಯೂ ಇದೇ ಸೀಮೆಯಲ್ಲಿ, ಶಿಕಾರಿಪುರ ತಾಲೂಕಿನಲ್ಲಿದೆ. ಸತ್ತವಳಿಗೆ ಕಲ್ಲು ಕೊಟ್ಟ ಊರು ಬದುಕಿ ಹೊರಬಂದವಳಿಗೆ ಒಂದು ಕೋಣೆ ಕೊಡಲಿ ಎಂದು ಸಂಘದವರು ಅರ್ಜಿಯ ಕೊನೆಗೆ ಬರೆಯಬೇಕೆಂದಿದ್ದರು. ಇಷ್ಟು ಬೇಡ, ಪಂಚಾಯಿತಿಯವರು ಓದುವುದಿಲ್ಲ ಎಂದು ಅವರಲ್ಲೇ ಕೆಲವರು ಹೇಳಿದರು. ಬರೆಯಿರಿ ಎಂದೆ ನಾನು.

ಅರ್ಜಿ ಮೊದಲು ವಾರ್ಡ್ ಸಭೆಯಲ್ಲಿ ಓದಬೇಕು, ಅಲ್ಲಿಂದ ಗ್ರಾಮಸಭೆಗೆ ಹೋಗಬೇಕು. ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ಓದಿಸಿ ಕೇಳಿ ಆಮೇಲೆ ರುಜು ಹಾಕಿ, ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಬೇಡಿ. ನಿಮ್ಮ ಊರಿನಲ್ಲಿ ಈಗಾಗಲೇ ಭವನವಿದ್ದರೆ ಹೊಸದನ್ನು ಕೇಳುವ ಮುಂಚೆ ಅದನ್ನು ಅಳೆದು ನೋಡಿ: ಬಾಗಿಲು ಎಷ್ಟು, ನೀರು ಇದೆಯೆ, ಇಳಿಜಾರು ಎಷ್ಟು ಅಡಿ, ಕಳೆದ ತಿಂಗಳು ಹೆಂಗಸರು ಎಷ್ಟು ದಿನ ಒಳಗೆ ಕೂತಿದ್ದರು, ಬೀಗದಕೈ ಯಾರ ಮನೆಯಲ್ಲಿದೆ. ಬರೆದು ನಮಗೆ ಕಳಿಸಿ. ಬಂದ ಪತ್ರಗಳನ್ನು ಮುಂದಿನ ಸಂಚಿಕೆಯಲ್ಲಿ, ಊರಿನ ಹೆಸರು ಬೇಡವೆಂದವರದನ್ನು ಹೆಸರಿಲ್ಲದೆ, ಪ್ರಕಟಿಸುತ್ತೇವೆ.